ಹನ್ನೊಂದನೆಯ ಬೋಲ್ಟು

ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟಿದ್ದ ಬಸ್ಸು ಕಮತಗಿ ದಾಟಿದ ಮೇಲೆ ಒಂದು ಎಮ್ಮೆಗೆ ದಾರಿ ಬಿಡಲು ಗಕ್ಕನೆ ನಿಂತಿತು. ಎಮ್ಮೆಯ ಪ್ರಾಣ ಉಳಿಯಿತು, ಹನಮವ್ವನ ಮಾನ ಹೋಯಿತು. ಹಿಂದಿನ ಸೀಟಿನಲ್ಲಿದ್ದ ಅವಳ ಕಾಯಿಪಲ್ಲೆ ಚೀಲದ ಹಿಡಿಕೆ ಕಿತ್ತು, ಒಳಗಿದ್ದ ಹಲ್ಲುಹಲ್ಲಿನ ಉಕ್ಕಿನ ಚಕ್ರವೊಂದು ಹೊರಬಿದ್ದು, ಸೀಟುಗಳ ನಡುವಿನ ಓಣಿಯಲ್ಲಿ ಉರುಳುತ್ತ ಮುಂದಕ್ಕೆ ಹೊರಟಿತು. ಮಗಳ ನಿಶ್ಚಯಕ್ಕೆಂದು ಇಸ್ತ್ರಿಯ ಧೋತರ ಉಟ್ಟು, ಕಾಲು ಓಣಿಗೆ ಚಾಚಿ ಕೂತಿದ್ದ ಹಿರಿಯರೊಬ್ಬರ ಧೋತರಕ್ಕೆ ಹೋಗುತ್ತ ಹೋಗುತ್ತಲೇ ಒಂದು ಕರಿ ಗ್ರೀಸಿನ ಅಂಚು ಹಾಕಿತು. ಅಷ್ಟು ಬೇಗ ಅಂಚು ಹಾಕುವ ನೇಕಾರ ಇಳಕಲ್ಲಿನಲ್ಲೂ ಹುಟ್ಟಿಲ್ಲ. ಕಡೆಗೆ ಕಂಡಕ್ಟರನ ಬೂಟಿಗೆ ಬಡಿದು ಅಡ್ಡಬಿತ್ತು.

"ಏನಬೇ ಇದು?" ಎಂದ ಕಂಡಕ್ಟರ್, ಒಂದೇ ಕಾಲ ಮೇಲೆ ನಿಂತು.

"ಕ್ರೌನ್ ರೀ."

"ಯಾರ ತಲಿ ಮ್ಯಾಲ ಇಡೂದು?"

"ತಲಿ ಮ್ಯಾಲಲ್ರಿ, ಜೀಪಿನ ಹೊಟ್ಟ್ಯಾಗ. ಮುಂದಿನ ಡಿಫರೆನ್ಸ್ ಹೋಗೇತಿ." ಆಮೇಲೆ ಧೋತರದ ಹಿರಿಯರ ಕಡೆ ತಿರುಗಿ, "ಅಜ್ಜಾರ, ಸಿಟ್ಟಾಗಬ್ಯಾಡ್ರಿ. ಇಳಕಲ್‌ದಾಗ ನಮ್ಮ ಗ್ಯಾರೇಜಿಗೆ ಬರ್ರಿ, ಡೀಸೆಲ್‌ಲೆ ತೊಳದು ಕೊಡ್ತೇನಿ" ಎಂದಳು.

"ತೊಳಿಯೂತನಕ ನಾ ಏನ್ ಉಟ್ಕೊಂಡು ಬೀಗರ ಮುಂದ ಕುಂದರ್ಲಿ?" ಎಂದರು ಅಜ್ಜ.

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಆ ಚಕ್ರಕ್ಕೆ ಲಗೇಜ್ ಟಿಕೆಟ್ ಹರಿದು ಕೊಟ್ಟ. ಹನಮವ್ವ ನಾಚಿ ಸೆರಗಿನಿಂದ ಮುಖ ಮುಚ್ಚಿಕೊಳ್ಳಲು ಹೋದಳು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ್ದ ಬೋಲ್ಟುಗಳು ಟಣ್ಣನೆ ಗದ್ದಕ್ಕೆ ಬಡಿದವು.

ಗಾಡಿ ತಿರುವಿನಲ್ಲಿ ಹೊರಳುವಾಗ ಒಳಬದಿಯ ಗಾಲಿ ಮೆಲ್ಲಗೆ, ಹೊರಬದಿಯ ಗಾಲಿ ಬೇಗ ತಿರುಗಬೇಕು. ಎರಡರ ನಡುವೆ ಕೂತು ಜಗಳವಾಗದಂತೆ ನೋಡಿಕೊಳ್ಳುವ ಹಲ್ಲುಚಕ್ರಗಳ ಗೂಡಿಗೆ ಪುಸ್ತಕದಲ್ಲಿ ಡಿಫರೆನ್ಷಿಯಲ್ ಎಂದು ಹೆಸರು. ಗ್ಯಾರೇಜಿನಲ್ಲಿ ಅಷ್ಟುದ್ದದ ಹೆಸರಿಗೆ ಯಾರಿಗೂ ಪುರಸೊತ್ತಿಲ್ಲ, ಡಿಫರೆನ್ಸ್ ಅಂದರೆ ಸಾಕು. ಅದರೊಳಗಿನ ದೊಡ್ಡ ಚಕ್ರವೇ ಕ್ರೌನ್. ಬೇರೆ ಊರುಗಳಲ್ಲಿ ಗಂಡ ಹೆಂಡಿರ ಡಿಫರೆನ್ಸನ್ನು ಊರವರು ಕೂತು ಬಗೆಹರಿಸುತ್ತಾರೆ. ಇಳಕಲ್ಲಿನಲ್ಲಿ ಊರವರ ಡಿಫರೆನ್ಸನ್ನು ಗಂಡ ಹೆಂಡಿರು ಕೂತು ಬಗೆಹರಿಸುತ್ತಿದ್ದರು. ಗಂಡ ಮಾಳಿಂಗರಾಯ ಮಿಸ್ತ್ರಿ, ಹೆಂಡತಿ ಈ ಹನಮವ್ವ.

ಹನಮವ್ವ ಸಾಲಿಗೆ ಹೋದದ್ದು ನಾಲ್ಕು ವರ್ಷ, ಸಂತೆಗೆ ಹೋದದ್ದು ಹತ್ತು ವರ್ಷ. ಅವಳ ಅವ್ವ ತಾಯವ್ವ ಕಮತಗಿ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದವಳು. ತೂಗಿದ ಮೇಲೆ ಗಿರಾಕಿ ಕೇಳುವ ಮೊದಲೇ ಮೇಲೊಂದು ಹಿಡಿ ಕೊಸರು ಹಾಕುವ ಧಾರಾಳದ ಕೈ. ಆ ಕೈಯ ಪಕ್ಕದಲ್ಲಿ ಕೂತು ಮಗಳು ತೂಕ ಕಲಿತಳು, ಮಾತು ಕಲಿತಳು, ಎಣಿಕೆಯನ್ನೂ ಕಲಿತಳು. ಸಂತೆಯ ಎಣಿಕೆ ಸಾಲಿಯ ಎಣಿಕೆಯಂತಲ್ಲ. ಅಲ್ಲಿ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಹನಮವ್ವ ಇವತ್ತಿಗೂ ಹಾಗೆಯೇ ಎಣಿಸುತ್ತಾಳೆ. ಮೆಟ್ಟಿಲು ಹತ್ತುವಾಗಲೂ ಲಾಭ, ಗುಳಿಗೆ ನುಂಗುವಾಗಲೂ ಲಾಭ.

ಮದುವೆಯಾಗಿ ಇಳಕಲ್ಲಿಗೆ ಬಂದಾಗ ಮಾಳಿಂಗರಾಯನ ಗ್ಯಾರೇಜೆಂದರೆ ನಾಲ್ಕು ತಗಡು, ಒಂದು ಬೇವಿನ ಗಿಡ. ಅವನ ಕೈ ಚುರುಕು, ನಾಲಿಗೆ ಮೊಂಡು. ಅಂಗಡಿಯವರು ಹೇಳಿದ್ದನ್ನೆಲ್ಲ ನಂಬಿ, ಕೊಟ್ಟಿದ್ದನ್ನೆಲ್ಲ ತಂದು, ಹಾಕಿದ್ದೆಲ್ಲ ಹದಿನೈದು ದಿನದಲ್ಲಿ ಮುರಿದು, ಬೈಗುಳ ತಿನ್ನುತ್ತಿದ್ದ. ಎರಡನೆಯ ವರ್ಷ ಹನಮವ್ವ ಚೀಲ ಹಿಡಿದು ತಾನೇ ಬಾಗಲಕೋಟೆಗೆ ಹೊರಟಳು. ಅಂದಿನಿಂದ ಸಾಮಾನು ತರುವುದು ಅವಳು, ಹಾಕುವುದು ಅವನು.

ಬಾಗಲಕೋಟೆಯ ನವನಗರದ ಸ್ಪೇರ್ ಪಾರ್ಟ್ಸ್ ಅಂಗಡಿಯ ಕಾಶಪ್ಪ ಇವಳ ಕತೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾನೆ. ಈ ಸಲವೂ ಅವನು ಮೊದಲು ತೋರಿಸಿದ ಕ್ರೌನನ್ನು ಅವಳು ಎರಡು ಅಂಗೈಯಲ್ಲಿ ಕುಂಬಳಕಾಯಿಯಂತೆ ಎತ್ತಿ, ಕಣ್ಣು ಮುಚ್ಚಿ, ಕೆಳಗಿಟ್ಟಳಂತೆ.

"ಇದು ಹಗೂರ ಐತ್ರಿ ಸಾವ್ಕಾರ್ರ. ಒಳಗ ಜೊಳ್ಳು."

"ಉಕ್ಕಿನ್ಯಾಗ ಎಲ್ಲಿ ಜೊಳ್ಳಬೇ ಹನಮವ್ವಾ?"

"ನಿಮ್ಮ ಅಂಗಡ್ಯಾಗ ಹುಡುಕಿದ್ರ ಸಿಗ್ತತಿ. ಒಳಗಿಂದು ತಗೀರಿ."

ಕಾಶಪ್ಪ ಒಳಗಿನಿಂದ ಬೇರೆ ತಂದ. ಅದನ್ನು ತಕ್ಕಡಿಗೆ ಹಾಕಿದಾಗ ಮೊದಲನೆಯದಕ್ಕಿಂತ ಅರ್ಧ ಕಿಲೋ ಹೆಚ್ಚು ತೂಗಿತು. "ಅಕಿ ಬಂದ್ಲಂದ್ರ ನನ್ನ ತಕ್ಕಡಿಗೆ ರಜಾ" ಎಂದು ಅವನು ಈಗಲೂ ಹೇಳುತ್ತಾನೆ.

ಕ್ರೌನ್ ಬೇಕಾಗಿದ್ದುದು ಬೀರಲಿಂಗಪ್ಪನ ಜೀಪಿಗೆ. ಜೀಪೆಂದು ಕರೆಯುವುದು ರೂಢಿ. ಕಂಪನಿಯವರು ಇಪ್ಪತ್ತೆರಡು ವರ್ಷದ ಹಿಂದೆ ಅದನ್ನು ಮಾರುವಾಗ ದೊಡ್ಡ ಕಾರೆಂದೇ ಮಾರಿದ್ದರು. ಎಂಟು ಜನರ ಸೀಟುಗಳಲ್ಲಿ ನಾಲ್ಕನ್ನು ಕಿತ್ತು ಬೀರಲಿಂಗಪ್ಪ ಕುರಿಮರಿಗಳಿಗೆ ಜಾಗ ಮಾಡಿದ್ದ. ಹುನಗುಂದದ ಸುತ್ತಲಿನ ಎರೆಹೊಲಗಳಲ್ಲಿ ಅವನ ಮುನ್ನೂರು ಕುರಿಗಳ ಹಿಂಡು ತರುಬಿ ಬೀಡುಬಿಟ್ಟಿರುತ್ತಿತ್ತು. ಮಳೆ ಬಿದ್ದ ಎರೆಮಣ್ಣಿನಲ್ಲಿ ಹಿಂದಿನ ಎರಡೇ ಗಾಲಿ ಎಳೆಯುವ ಗಾಡಿ ಹೂತರೆ ಬೇಸಿಗೆಯವರೆಗೆ ಅಲ್ಲೇ. ನಾಲ್ಕೂ ಗಾಲಿ ಎಳೆಯಬೇಕು. ಮುಂದಿನ ಡಿಫರೆನ್ಸ್ ಕಿತ್ತು ಬಿಸಾಕೆಂದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು: "ಸಿಕ್ಕೊಂಡ್ರ ನನ್ನ ಕುರಿ ಜಗ್ತಾವೇನು ಮತ್ತ?"

ಒಂದು ವರ್ಷದಿಂದ ಆ ಗಾಡಿ ನಲವತ್ತರ ಮೇಲೆ ಹೋದರೆ ಮುಂದಿನಿಂದ ಅಳುತ್ತಿತ್ತು. ಮೂರು ತಿಂಗಳ ಹಿಂದೆ ಮಗಳು ರಾಜಶ್ರೀ ಹಡೆದ ಮೇಲೆ ಗಾಡಿಯೊಳಗೆ ಅಳುವವರು ಇಬ್ಬರಾದರು. ಯಾರು ಅಳುತ್ತಿದ್ದಾರೆಂದು ನೋಡಲು ಗಾಡಿ ನಿಲ್ಲಿಸಬೇಕಾಗುತ್ತಿತ್ತು. ಮಾಳಿಂಗರಾಯ ಬಿಚ್ಚಿ ನೋಡಿದಾಗ ಕ್ರೌನಿನ ಹಲ್ಲುಗಳೆಲ್ಲ ಸವೆದಿದ್ದವು. ಬೀರಲಿಂಗಪ್ಪನವೂ ಸವೆದಿದ್ದವು. ಹೊಸ ಸೆಟ್ಟು ಮೊದಲು ಗಾಡಿಗೇ ಬಂತು.

ಬುಧವಾರ, ಗುರುವಾರ ಎರಡು ದಿನದ ಕೆಲಸ. ಗುರುವಾರ ಮಧ್ಯಾಹ್ನ ಕ್ರೌನನ್ನು ಅದರ ಗೂಡಿಗೆ ಬಿಗಿಯುವಾಗ ಗಂಡ ಹೆಂಡತಿ ಎಂದಿನಂತೆ ಗೋಣಿಚೀಲದ ಮೇಲೆ ಎದುರುಬದುರು ಕೂತಿದ್ದರು. ಹತ್ತು ತೂತು, ಹತ್ತು ಬೋಲ್ಟು. ಅವಳು ಸೆರಗಿನ ಗಂಟಿನಿಂದ ಒಂದೊಂದೇ ತೆಗೆದು ಕೊಡುವಳು, ಅವನು ಉದ್ದ ಪಾನಾ ಹಾಕಿ ಬಿಗಿಯುವನು. ಲೆಕ್ಕ ಅವಳ ಬಾಯಿಯದು, ಬಿಗಿ ಅವನ ಕೈಯದು. ಹತ್ತೊಂಬತ್ತು ವರ್ಷದ ಪದ್ಧತಿ. ಅವಳು "ಹತ್ತು" ಅಂದಳು, ಅವನು ಎದ್ದ. ಸಂಜೆಗೆ ಗೂಡು ಗಾಡಿಯ ಹೊಟ್ಟೆ ಸೇರಿತು, ಮುಚ್ಚಳ ಬಿತ್ತು, ಎಣ್ಣೆ ತುಂಬಿತು. ಗಾಡಿಯ ಅಳು ನಿಂತಿತು.

ಶುಕ್ರವಾರ ಬೆಳಿಗ್ಗೆ ಬೀರಲಿಂಗಪ್ಪ ಮಗಳು ಮೊಮ್ಮಗಳನ್ನು ಕರೆದುಕೊಂಡು ಅದೇ ಗಾಡಿಯಲ್ಲಿ ಬಾದಾಮಿಯ ಬನಶಂಕರಿಗೆ ಹೊರಟ. ಕೂಸಿನ ಮೊದಲ ದರ್ಶನ. "ಜಾಗಾ ಐತಿ, ಬರ್ತಿಯೇನ ತಂಗಿ?" ಎಂದ ಹನಮವ್ವನಿಗೆ. ಅವಳು ಎರಡು ರೊಟ್ಟಿ ಕಟ್ಟಿಕೊಂಡು ಹತ್ತಿಯೇ ಬಿಟ್ಟಳು. ಮಾಳಿಂಗರಾಯ ಹುನಗುಂದದ ಕಡೆಗೆ ಗಾಡಿ ಮರೆಯಾಗುವವರೆಗೆ ನಿಂತು ಕಿವಿಗೊಟ್ಟು ಕೇಳಿದ. ಹಾಲು ಕುಡಿದ ಕೂಸಿನಂತೆ ಸದ್ದಿಲ್ಲ. ಹೆಮ್ಮೆಯಿಂದ ಒಳಗೆ ಬಂದು ಚಹಾ ಕುಡಿದ, ಕಸಬರಿಗೆ ತೆಗೆದುಕೊಂಡ, ಮೂಲೆಯಲ್ಲಿ ಮುದುಡಿ ಬಿದ್ದಿದ್ದ ಗೋಣಿಚೀಲ ಎತ್ತಿ ಜಾಡಿಸಿದ.

ಟಣ್.

ಬೋಲ್ಟೊಂದು ಉರುಳಿ ಬಂದು ಅವನ ಚಪ್ಪಲಿಗೆ ತಾಗಿ ನಿಂತಿತು.

ಎತ್ತಿಕೊಂಡ. ಹೊಸದು. ಅದೇ ಉದ್ದ, ಅದೇ ತಲೆ, ಅದೇ ಸಣ್ಣ ತಿರುಪಿನ ಮರಿ. ಕ್ರೌನಿನ ಬೋಲ್ಟು. ಅದರ ಮೈಮೇಲೆ ಪಾನಾದ ಒಂದು ಗೀರೂ ಇರಲಿಲ್ಲ. ಇದು ಯಾವ ತೂತಿಗೂ ಹೋಗದ ಬೋಲ್ಟು. ನಟ್ಟಿಗೆ ಹೋಗಬೇಕಾದದ್ದು ನೇರ ಅವನ ಎದೆಗೆ ನಟ್ಟಿತು.

ಮಾಳಿಂಗರಾಯ ಕೆಲಸ ಕಲಿತದ್ದು ಹುನಗುಂದದ ಯಾಸೀನ ಉಸ್ತಾದರ ಹತ್ತಿರ. ಅಂಥ ಕೈ ಆ ತಾಲೂಕಿನಲ್ಲಿ ಮತ್ತೊಂದಿರಲಿಲ್ಲ. ಒಂದು ದಿನ ಉಸ್ತಾದರ ಗ್ಯಾರೇಜಿನಲ್ಲೂ ಹೀಗೆಯೇ ಒಂದು ಬೋಲ್ಟು ಉಳಿಯಿತು. ಹೋದ ಗಾಡಿಯನ್ನು ಕರೆಸಬೇಕೆನ್ನುವಷ್ಟರಲ್ಲಿ ಸುದ್ದಿ ಬಂತು. ಕಲ್ಲಿನ ಖಣಿಯ ಇಳಿಜಾರಿನಲ್ಲಿ ಮುಂದಿನ ಗಾಲಿಗಳು ಕಚ್ಚಿಕೊಂಡು, ಗಾಡಿ ಮಗುಚಿ, ಡ್ರೈವರನ ಒಂದು ಕಾಲು ಹೋಗಿತ್ತು. ಅಂದಿನಿಂದ ಉಸ್ತಾದರು ಪಾನಾ ಮುಟ್ಟಲಿಲ್ಲ. ಆ ಬೋಲ್ಟನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡರು. ನಮಾಜಿಗೆ ಬಗ್ಗಿದಾಗ ಅದು ಜಾರಿ ಬೀಳುತ್ತಿತ್ತು. ಎತ್ತಿ ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಬೇಟಾ, ಕಮ್ಮಿ ಬಿದ್ದ ಬೋಲ್ಟು ಕಾಣ್ತತಿ, ಉಳದ ಬೋಲ್ಟು ಕಾಡ್ತತಿ" ಎಂದು ಸಾಯುವ ತನಕ ಹೇಳಿದರು.

ಹತ್ತರಲ್ಲಿ ಒಂದು ತೂತು ಖಾಲಿ ಉಳಿದಿದ್ದರೆ ಮಿಸ್ತ್ರಿಯ ಕಣ್ಣಿಗೆ ಕಾಣುತ್ತಿರಲಿಲ್ಲವೇ ಎಂದು ನೆರಳಲ್ಲಿ ಕೂತು ಓದುವವರು ಕೇಳಬಹುದು. ಅವನೂ ಅದನ್ನೇ ತನಗೆ ಕೇಳಿಕೊಂಡ. ಗುರುವಾರ ಮಧ್ಯಾಹ್ನವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಕರೆಂಟು ಹೋಗಿತ್ತು. ಮೊದಲ ಬೋಲ್ಟು ಎಣ್ಣೆಗೈಯಿಂದ ಜಾರಿ ಗೋಣಿಯ ಮೇಲೆ ಬಿದ್ದಿತ್ತು. ಅವಳು ಅದಕ್ಕಾಗಲೇ "ಲಾಭ" ಎಂದಿದ್ದಳು. ಆಮೇಲೆ ಕೊಟ್ಟದ್ದು ಅದೇ ಬೋಲ್ಟೋ, ಬೇರೆಯದೋ? ಅದಕ್ಕೆ ಮತ್ತೆ "ಲಾಭ" ಎಂದಳೋ, "ಎರಡು" ಎಂದಳೋ? "ಎರಡು" ಎಂದಿದ್ದರೆ ಅವಳ ಹತ್ತು ಖರೆ ಒಂಬತ್ತೇ. ನಡುವೆ ಬೀರಲಿಂಗಪ್ಪನ ಫೋನ್ ಬೇರೆ ಬಂದಿತ್ತು, ಆತೇನೋ ಮಾಳಿಂಗಣ್ಣಾ ಎಂದು. ಹತ್ತೊಂಬತ್ತು ವರ್ಷ ಅವಳ ಬಾಯಿಯನ್ನು ನಂಬಿ ಕೂತವನು ತನ್ನ ಕಣ್ಣನ್ನು ಕೇಳಿದರೆ ಕಣ್ಣು ಏನು ಹೇಳೀತು?

ಒಂಬತ್ತರ ಮೇಲೆ ಹತ್ತರ ಭಾರ ಬೀಳುತ್ತದೆ. ಒಂದು ಸಡಿಲಾಗುತ್ತದೆ, ಆಮೇಲೆ ಪಕ್ಕದ್ದು. ಅದರಲ್ಲೊಂದು ಕಳಚಿ ಹಲ್ಲುಗಳ ನಡುವೆ ಸಿಕ್ಕಿದರೆ ಮುಂದಿನ ಗಾಲಿಗಳು ಇದ್ದಲ್ಲೇ ಕಚ್ಚುತ್ತವೆ. ಗಾಡಿಯ ಹಿಂಭಾಗ ಮಾತ್ರ ಓಡುತ್ತಿರುತ್ತದೆ.

ಬೀರಲಿಂಗಪ್ಪನಿಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಕೂಸು ಮಲಗಿದರೆ ಬೀರಲಿಂಗಪ್ಪ ಫೋನಿನ ಬಾಯಿ ಮುಚ್ಚಿಡುವುದು ಮಾಳಿಂಗರಾಯನಿಗೆ ಗೊತ್ತಿತ್ತು. ಹನಮವ್ವನಿಗೆ ಮಾಡಿದ. ಅವಳ ಫೋನು ಪಕ್ಕದ ಕಪಾಟಿನಲ್ಲಿ, ಚಾರ್ಜಿಗೆ ಹಾಕಿದಲ್ಲೇ ಕುಣಿಯಿತು.

ಮೂರು ಪಾನಾ, ಒಂದು ಡಬ್ಬಿ ಎಣ್ಣೆ, ಮುಚ್ಚಳಕ್ಕೆ ಹಚ್ಚುವ ಅಂಟಿನ ಟ್ಯೂಬು ಚೀಲಕ್ಕೆ ಹಾಕಿಕೊಂಡು ಮೋಟರ್‌ಸೈಕಲ್ ಒದ್ದ. ಬೋಲ್ಟು ಅಂಗಿಯ ಜೇಬಿನಲ್ಲಿತ್ತು. ಅದನ್ನು ಅಲ್ಲಿಗೆ ಹಾಕಿದ ಮೇಲೆಯೇ ಅವನಿಗೆ ಹೊಳೆಯಿತು. ಉಸ್ತಾದರ ಜೇಬು.

ಹುನಗುಂದದವರೆಗೆ ಅವನು ರಸ್ತೆಯನ್ನು ನೋಡಲಿಲ್ಲ, ರಸ್ತೆಯ ಪಕ್ಕದ ತಗ್ಗುಗಳನ್ನು ನೋಡಿದ. ಬೀರಲಿಂಗಪ್ಪನ ಗಾಡಿ ಬಿಳಿಯದು, ಬಿಳಿ ಬಣ್ಣದ್ದು ಏನು ಕಂಡರೂ ಬ್ರೇಕ್ ಹಾಕುತ್ತಿದ್ದ. ಒಂದು ಕಡೆ ಬಿಳಿ ಎತ್ತು, ಒಂದು ಕಡೆ ಸುಣ್ಣ ಬಳಿದ ಮೈಲಿಗಲ್ಲು. ಹುನಗುಂದ ದಾಟಿದ ಮೇಲೆ ಡಾಂಬರಿನ ನಡುವೆ ಎಣ್ಣೆಯ ಹನಿಗಳ ಸಾಲು ಕಂಡಿತು. ಹೊಸ ಹನಿ. ಅವನು ಅದರ ಹಿಂದೆಯೇ ಹೋದ. ಹನಿ ಹತ್ತಿರ ಹತ್ತಿರವಾಗುತ್ತ ಬಂದು, ಒಂದು ಟ್ರ್ಯಾಕ್ಟರಿನ ಕೆಳಗೆ ಮುಗಿದವು. ಟ್ರ್ಯಾಕ್ಟರಿನವನು, "ಮಿಸ್ತ್ರಿ, ದೇವರು ಬಂದಂಗ ಬಂದಿ ನೋಡು" ಎಂದ. ದೇವರು ನಿಲ್ಲದೆ ಹೋದ.

ಅಮೀನಗಡದ ಕೂಡುರಸ್ತೆಯಲ್ಲಿ ಪೇರಲಹಣ್ಣಿನ ಪುಟ್ಟಿ ಇಟ್ಟುಕೊಂಡು ಕಾಸಿಂಬಿ ಎಂಬ ಮುದುಕಿ ಕೂತಿದ್ದಳು. ಮಾಳಿಂಗರಾಯ ಗಾಡಿ ಬಂದ್ ಮಾಡದೆಯೇ ಕೇಳಿದ.

"ಅವ್ವಾ, ಒಂದು ಬಿಳಿ ಜೀಪು ಹೋತೇನ? ಕುರಿ ವಾಸನಿ ಹೊಡಿಯೂದು."

"ಹೋತಪ್ಪ, ಐಹೊಳಿ ಕಡೆ. ಅದರಾಗ ಒಬ್ಬಾಕಿ ಇದ್ದಳು ನೋಡು, ಹಸರ ಸೀರಿ. ಆರು ಪ್ಯಾರಲಕ್ಕ ಅರ್ಧಾ ತಾಸು ಜಗ್ಗ್ಯಾಡಿದಳು. ಯಾವ ಗಂಡು ಬಾಳೇ ಮಾಡ್ತಾನೋ ಅಕಿ ಕೂಡ."

"ನಾನ ಅವ್ವಾ."

ಕಾಸಿಂಬಿ ಅವನನ್ನು ಮೇಲಿನಿಂದ ಕೆಳಗೆ ನೋಡಿ, ಏನೂ ಕೇಳದೆ ಒಂದು ಹಣ್ಣು ಕೈಗಿಟ್ಟಳು. "ತಿನ್ನಪಾ."

"ಗಾಡಿ ಸದ್ದು ಹೆಂಗಿತ್ತು?"

"ಮುಂದಿನಿಂದ ಟಕ್ ಟಕ್ ಅಂತಿತ್ತು. ಯಾಕ?"

ಹಣ್ಣು ಕೈಯಿಂದ ಜಾರಿತು. ಗೂಡಿನೊಳಗೆ ಸಡಿಲಾದ ಬೋಲ್ಟು ಮುಚ್ಚಳಕ್ಕೆ ತಾಗಿದರೆ ಬರುವ ಸದ್ದು ಅದೇ. ಮೊದಲು ಟಕ್ ಟಕ್. ಆಮೇಲೆ ಕರ್ ಕರ್. ಆಮೇಲೆ ಏನೂ ಇಲ್ಲ.

ಐಹೊಳೆಯ ಗುಡಿಗಳು ಎಡಕ್ಕೂ ಬಲಕ್ಕೂ ಹೋದವು. ಅವನಿಗೆ ಒಂದೂ ಕಾಣಲಿಲ್ಲ. ಬಿಸಿಲು ಏರಿತ್ತು. ಹನಮವ್ವ ಮುಂದಿನ ಸೀಟಿನಲ್ಲಿ ಕೂತಿರುತ್ತಾಳೆ, ಕಿಟಕಿಯ ಹತ್ತಿರ, ಕೂಸನ್ನು ತಾನೇ ಇಸಿದುಕೊಂಡು. ತಮಗೆ ಮಕ್ಕಳಿಲ್ಲದ್ದಕ್ಕೆ ಯಾರ ಕೂಸು ಸಿಕ್ಕರೂ ಅವಳು ತೊಡೆಯಿಂದ ಇಳಿಸುತ್ತಿರಲಿಲ್ಲ. ಗಾಡಿ ಮುಗ್ಗರಿಸಿದರೆ ಅವಳ ಎರಡೂ ಕೈ ಕೂಸನ್ನು ಹಿಡಿಯುತ್ತವೆ, ತನ್ನನ್ನು ಹಿಡಿದುಕೊಳ್ಳಲು ಮೂರನೆಯದು ಇರುವುದಿಲ್ಲ. ಈ ಲೆಕ್ಕ ಮಾತ್ರ ಅವನಿಗೆ ಅವಳ ಸಹಾಯವಿಲ್ಲದೆ ಸ್ಪಷ್ಟವಾಗಿ ಬಂತು.

ಮಲಪ್ರಭೆಯ ಸೇತುವೆ ಬಂದಾಗ ಅಲ್ಲಿ ಜನ ನಿಂತಿದ್ದರು. ಹದಿನೈದು ಇಪ್ಪತ್ತು ಜನ, ಎಲ್ಲರೂ ಸೇತುವೆಯ ಕಟಾಂಜನಕ್ಕೆ ಕೈ ಹಚ್ಚಿ ಬಗ್ಗಿ ಕೆಳಗೆ ನೋಡುತ್ತಿದ್ದರು. ಒಬ್ಬ ಹೆಣ್ಣುಮಗಳು ಬಾಯಿಗೆ ಸೆರಗು ಹಿಡಿದಿದ್ದಳು.

ಮಾಳಿಂಗರಾಯ ಮೋಟರ್‌ಸೈಕಲ್ ನಿಲ್ಲಿಸಿದ. ಸ್ಟ್ಯಾಂಡ್ ಹಾಕದೆ ಗಾಡಿಯನ್ನು ಹಾಗೆಯೇ ಮಲಗಿಸಿ ನಡೆದ. ಹತ್ತು ಹೆಜ್ಜೆಯ ದಾರಿ. ನಡೆಯುವಾಗ ಅವನ ಬಾಯಿ ತಾನಾಗಿಯೇ ಎಣಿಸುತ್ತಿತ್ತು: ಲಾಭ, ಎರಡು, ಮೂರು. ಹತ್ತಕ್ಕೆ ಕಟಾಂಜನ ಮುಟ್ಟಿದ. ಕಣ್ಣು ಮುಚ್ಚಿಕೊಂಡು ಬಗ್ಗಿದ, ಆಮೇಲೆ ತೆರೆದ.

ಕೆಳಗೆ ಸಣ್ಣ ಹರಿವಿನಲ್ಲಿ ಯಾರೋ ಪ್ರವಾಸಿಯ ಟೋಪಿಯೊಂದು ತೇಲಿ ಹೋಗುತ್ತಿತ್ತು.

ಅಷ್ಟು ದೊಡ್ಡ ಟೋಪಿಯನ್ನು ಅವನಿಗೆ ಜೀವನದಲ್ಲಿ ಯಾರೂ ಹಾಕಿರಲಿಲ್ಲ. ಅವನು ಅಲ್ಲೇ ಕೂತು ಸ್ವಲ್ಪ ಹೊತ್ತು ಉಸಿರಾಡಿದ. ಸೆರಗು ಹಿಡಿದಿದ್ದ ಹೆಣ್ಣುಮಗಳು, ನಗುತ್ತಿದ್ದವಳು, ಅವನ ಮುಖ ನೋಡಿ ನಗು ನಿಲ್ಲಿಸಿ, "ನಿಮ್ಮದೇನ್ರಿ ಟೊಪಿಗಿ?" ಎಂದು ಮರುಕದಿಂದ ಕೇಳಿದಳು.

ಪಟ್ಟದಕಲ್ಲು ದಾಟಿ, ಬಾದಾಮಿಯ ಕೆಂಪು ಗುಡ್ಡಗಳು ಕಣ್ಣಿಗೆ ಬೀಳುವ ಹೊತ್ತಿಗೆ, ಒಂದು ಬೇವಿನ ಗಿಡದ ಕೆಳಗೆ ಆ ಬಿಳಿ ಗಾಡಿ ನಿಂತಿತ್ತು. ನಾಲ್ಕು ಗಾಲಿಯ ಮೇಲೆಯೇ ನಿಂತಿತ್ತು. ನೆರಳಲ್ಲಿ ಕಂಬಳಿ ಹಾಸಿ ರಾಜಶ್ರೀ ಕೂತಿದ್ದಳು, ಬೀರಲಿಂಗಪ್ಪ ರೊಟ್ಟಿ ಮುರಿಯುತ್ತಿದ್ದ. ಹನಮವ್ವನ ತೊಡೆಯ ಮೇಲೆ ಕೂಸು.

"ಏ, ಇಂವ ಯಾಕ ಬಂದ?" ಎಂದ ಬೀರಲಿಂಗಪ್ಪ.

ಮಾಳಿಂಗರಾಯನಿಗೆ ಹೆಂಡತಿಯ ಹತ್ತಿರ ಹೋಗಿ ಕೂರಬೇಕೆನಿಸಿತು. ಅಲ್ಲಿ ಹೋಗಿ ಕೂತರೆ ಅತ್ತುಬಿಡುತ್ತೇನೆಂದೂ ಅನಿಸಿತು. ಆದ್ದರಿಂದ ನೇರವಾಗಿ ಗಾಡಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ಎಣ್ಣಿ ನೋಡಬೇಕು ಬೀರಣ್ಣ."

"ಎಣ್ಣಿ ನೋಡಾಕ ಇಳಕಲ್‌ದಿಂದ ಬಂದಿ?"

"ಹೊಸಾ ಕ್ರೌನು. ಮೊದಲನೇ ಓಟದ ಎಣ್ಣಿ ನೋಡಬೇಕಾಗ್ತತಿ."

"ನಾವು ತಿರಗಿ ಅಲ್ಲಿಗೇ ಬರ್ತಿದ್ವೆಲ್ಲೋ ಮಾರಾಯಾ."

ಬರುತ್ತಿದ್ದಿರೋ ಇಲ್ಲವೋ ಎಂದು ಅವನು ಹೇಳುವಂತಿರಲಿಲ್ಲ. ಗಿರಾಕಿಯ ಮುಂದೆ ಮಿಸ್ತ್ರಿ ಬೋಲ್ಟು ಉಳಿಸಿದೆನೆಂದು ಹೇಳಬಾರದು. ಹೇಳಿದರೆ ಆ ಗಿರಾಕಿಯೂ ಉಳಿಯುವುದಿಲ್ಲ. "ಟಕ್ ಟಕ್ ಅಂತಿತ್ತಂತೆಲ್ಲ ಮುಂದ?" ಎಂದಷ್ಟೇ ಕೇಳಿದ.

"ಅದು ಕಾಯಿ ರೀ," ಎಂದಳು ರಾಜಶ್ರೀ. "ದೇವರಿಗೆ ತಂದ ತೆಂಗಿನಕಾಯಿ ಬಕೀಟಿನ್ಯಾಗ ಅದಾವ. ಸೀಟಿನ ಮುಂದ ಇಟ್ಟೀನಿ, ಗುಂಡಿ ಬಂದಾಗೊಮ್ಮೆ ಉಳ್ಳಾಡ್ತಾವ."

ಆ ಬಕೀಟನ್ನೇ ಅವನು ಕೇಳಿದ. ದೇವರ ಬಕೀಟಿಗೆ ಗಾಡಿ ಎಣ್ಣೆಯೇ ಎಂದು ರಾಜಶ್ರೀ ಮುಖ ಸಿಂಡರಿಸಿದಳು. ಹನಮವ್ವ ಗಂಡನ ಮುಖವನ್ನು ಒಮ್ಮೆ ನೋಡಿ, ತಾನೇ ಕಾಯಿಗಳನ್ನು ಕಂಬಳಿಗೆ ಸುರಿದು ಬಕೀಟು ತಂದಿಟ್ಟಳು. ಏನೂ ಕೇಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳು ಏನೂ ಕೇಳದೆ ಇದ್ದದ್ದು ಅದು ಎರಡನೆಯ ಸಲವೋ ಮೂರನೆಯ ಸಲವೋ.

ಅವನು ಮುಂದಿನ ಬಲಗಡೆಯ ಗಾಲಿಯೊಂದನ್ನೇ ಜಾಕಿನಿಂದ ಎತ್ತಿದ. ಎರಡನ್ನೂ ಎತ್ತಿದರೆ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿ ನಡುವಿನ ಕ್ರೌನು ಸುಮ್ಮನೆ ಕೂತುಬಿಡುತ್ತದೆ. ಸಂಸಾರದಂತೆಯೇ, ಒಬ್ಬರಾದರೂ ನೆಲಕ್ಕೆ ಕಾಲೂರಿರಬೇಕು. ಕೆಳಗೆ ನುಸುಳಿ ಮುಚ್ಚಳ ಬಿಚ್ಚಿದ. ಬಿಸಿ ಎಣ್ಣೆ ದಪ್ಪಗೆ ಬಕೀಟಿಗೆ ಇಳಿಯಿತು. ಅದರಲ್ಲಿ ಉಕ್ಕಿನ ಚೂರು ಬಿದ್ದೀತೆಂದು ಕಿವಿಗೊಟ್ಟ. ಬೀಳಲಿಲ್ಲ.

"ಕುಂಕುಮ ಕೊಡ" ಎಂದ.

ಹನಮವ್ವ ಪೂಜೆಯ ತಟ್ಟೆಯನ್ನೇ ಗಾಡಿಯ ಕೆಳಗೆ ಸರಿಸಿದಳು. ಅವನು ಕಣ್ಣಿಗೆ ಕಂಡ ಮೊದಲ ಬೋಲ್ಟಿನ ತಲೆಗೆ ಕುಂಕುಮ ಹಚ್ಚಿದ. ಎಣಿಕೆ ಎಲ್ಲಿ ಶುರುವಾಯಿತೆಂದು ಈ ಸಲ ಯಾರ ಬಾಯಿಯನ್ನೂ ನಂಬುವಂತಿರಲಿಲ್ಲ.

"ಬೀರಣ್ಣ, ಗಾಲಿ ತಿರುವು. ಸಾವಕಾಶ."

ಕ್ರೌನು ಹೊರಳಿತು. ಕೆಂಪು ಚುಕ್ಕೆ ಮೇಲಕ್ಕೆ ಹೋಯಿತು.

"ಲಾಭ," ಎಂದ ಮಾಳಿಂಗರಾಯ. "ಎರಡು... ಮೂರು..."

ಎಣ್ಣೆ ಜಿನುಗುವ ಕತ್ತಲೆಯಿಂದ ಒಂದೊಂದೇ ತಲೆ ಮೇಲೆದ್ದು ಬಂತು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಪಾನಾ ಹಾಕಿ ಜಗ್ಗಿ ನೋಡಿದ. ಬಿಗಿ. ಆರು. ಏಳು. ಎಂಟು. ಮೇಲೆ ಕೂಸು ಎಚ್ಚತ್ತು ಕುಂಯ್‌ಗುಡಲು ಶುರು ಮಾಡಿತ್ತು. "ಒಂಬತ್ತು."

ಆಮೇಲೆ ಏನೂ ಬರಲಿಲ್ಲ.

"ಯಾಕ ನಿಲ್ಲಿಸಿದಿ?" ಎಂದು ಕೂಗಿದ.

"ರೊಟ್ಟಿ ನುಂಗಾಕತ್ತಿದ್ನೆಪಾ," ಎಂದ ಬೀರಲಿಂಗಪ್ಪ.

ಗಾಲಿ ಮತ್ತೆ ತಿರುಗಿತು. ಕ್ರೌನಿನ ಅಂಚಿನಿಂದ ಒಂದು ದಪ್ಪ ಎಣ್ಣೆಯ ಎಳೆ ಕಳಚಿ ಬಿತ್ತು. ಅದರ ಹಿಂದೆ ಒಂದು ತಲೆ, ಒದ್ದೆಯಾಗಿ, ಗಟ್ಟಿಯಾಗಿ ಕೂತಿತ್ತು. ಅದರ ಹಿಂದೆಯೇ ಕೆಂಪು ಚುಕ್ಕೆ.

ಹತ್ತು. ಇನ್ನೊಮ್ಮೆ ಸುತ್ತಿಸಿದ. ಹತ್ತು. ಮೂರನೆಯ ಸಲಕ್ಕೆ ಬೀರಲಿಂಗಪ್ಪನ ತೋಳು ಸೋತಿತು, ಆದರೂ ಹತ್ತೇ.

ಮಾಳಿಂಗರಾಯ ಗಾಡಿಯ ಕೆಳಗಿನಿಂದ ತೆವಳಿ ಬಂದು ಬಂಪರಿಗೆ ಒರಗಿ ಕೂತ. ಹಣೆಯ ಬೆವರು ಒರೆಸಿಕೊಂಡಾಗ ಕುಂಕುಮವೂ ಎಣ್ಣೆಯೂ ಸೇರಿ ಹಣೆಗೆ ಹತ್ತಿತು. ಜೇಬಿನಿಂದ ಬೋಲ್ಟನ್ನು ತೆಗೆದು ಎಲ್ಲರಿಗೂ ಕಾಣುವಂತೆ ಅಂಗೈಯಲ್ಲಿ ಹಿಡಿದ. ಇನ್ನು ಮುಚ್ಚಿಡುವ ಶಕ್ತಿ ಅವನಲ್ಲಿ ಇರಲಿಲ್ಲ.

"ಇದು ಗ್ಯಾರೇಜಿನ್ಯಾಗ ಉಳದಿತ್ತು," ಎಂದ. "ಕ್ರೌನಿಂದು."

ರಾಜಶ್ರೀ ಕೈ ಚಾಚಿ ಕೂಸನ್ನು ಹನಮವ್ವನ ತೊಡೆಯಿಂದ ತನ್ನ ಎದೆಗೆ ಎತ್ತಿಕೊಂಡಳು. ಬೀರಲಿಂಗಪ್ಪ ಬೋಲ್ಟನ್ನು ನೋಡಿದ, ಗಾಡಿಯನ್ನು ನೋಡಿದ, ಬಂದ ರಸ್ತೆಯನ್ನು ನೋಡಿದ.

"ಅಂದ್ರ ನೀ ಎಣ್ಣಿ ನೋಡಾಕ ಬಂದಿದ್ದಿಲ್ಲ," ಎಂದ ಮೆಲ್ಲಗೆ.

"ಇಲ್ಲಣ್ಣ."

ಬಕೀಟಿನಲ್ಲಿ ಎಣ್ಣೆ ಆರುತ್ತಿತ್ತು. ಮಾಳಿಂಗರಾಯ ಹೆಂಡತಿಯ ಕಡೆ ತಿರುಗಿದ. ಅವಳಿಗೆ ಒಂದೂ ಗೀರಿಲ್ಲ, ಹಸಿರು ಸೀರೆ ಮಾಸಿಲ್ಲ, ಮಡಿಲಲ್ಲಿ ಪೇರಲಹಣ್ಣಿನ ಬೀಜ. ಅವನ ಕಣ್ಣು ತುಂಬಿ ಬಂತು.

"ಹತ್ತ ತೂತು," ಎಂದ. "ಹತ್ತರಾಗೂ ಹತ್ತ ಬೋಲ್ಟ ಅದಾವ. ಮೂರ ಸಲ ಎಣಿಸೀನಿ. ಹಂಗಾರ ನನ್ನ ಜೀವಾ ತಗದ ಈ ಹನ್ನೊಂದನೇದು ಎಲ್ಲಿಂದ ಬಂತ?"

ಹನಮವ್ವ ಬೋಲ್ಟನ್ನು ಇಸಿದುಕೊಂಡಳು, ಸೆರಗಿನಿಂದ ಒರೆಸಿದಳು, ಅಂಗೈಯಲ್ಲಿ ಒಮ್ಮೆ ತೂಗಿ ನೋಡಿದಳು.

"ಇದಾ?" ಎಂದಳು. "ಕೊಸರ ರೀ. ಹತ್ತ ತಗೊಂಡ ಮ್ಯಾಲ ಒಂದು ಕೇಳಿ ಇಸ್ಕೊಂಡಿದ್ನಿ."